ಹಿಪ್ಪುನೇರಳೆ ತೋಟದ ಪಕ್ಕದ ಪಾರ್ಕು

ರಾಮನಗರದ ಸುತ್ತಮುತ್ತ ಯಾವ ಬಡಾವಣೆಯ ನಕ್ಷೆ ಬಿಡಿಸಿ ನೋಡಿದರೂ ಪಾರ್ಕು ಬಂಡೆಯ ಮೇಲಿರುತ್ತದೆ. ಬಂಡೆ ಇಲ್ಲದಿದ್ದರೆ ಹಳ್ಳದಲ್ಲಿ, ಹಳ್ಳವೂ ಇಲ್ಲದಿದ್ದರೆ ಹೈಟೆನ್ಷನ್ ತಂತಿಯ ಕೆಳಗೆ. ಸೈಟು ಮಾಡಲಾಗದ ಜಾಗಕ್ಕೆ ಬಡಾವಣೆ ಮಾಡುವವರು ಇಟ್ಟುಕೊಂಡ ಹೆಸರು ಪಾರ್ಕು. ಇಷ್ಟು ತಿಳಿಯಲು ನನಗೆ ಎರಡು ಪದವಿ ಬೇಕಾದವು: ಮೈಸೂರಿನಲ್ಲಿ ಭೂಗೋಳದ ಎಂ.ಎ., ಅದರ ಮೇಲೆ ನಗರ ಯೋಜನೆ. ನಮ್ಮ ಜೀಪಿನ ಡ್ರೈವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಈಗ ನಿವೃತ್ತನಾಗಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ಉಪಯೋಗವಾದರೆ ಆಗಲಿ ಎಂದು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಸುದ್ದಿ ಬಿಟ್ಟಿದ್ದೇನೆ. ಅವು ಸರ್ವಿಸ್ ಪುಸ್ತಕದಲ್ಲಿವೆ, ಅಲ್ಲೇ ಇರಲಿ. ಒಂದು ಎಚ್ಚರಿಕೆ ಮಾತ್ರ ಕೊಡಬೇಕು. ನನ್ನ ನೆನಪು ನಮ್ಮ ಕಚೇರಿಯ ನಕ್ಷೆಗಳ ಹಾಗೆಯೇ. ಗೆರೆಗಳು ನೇರವಾಗಿರುತ್ತವೆ, ಸ್ಥಳಕ್ಕೆ ಹೋಗಿ ಅಳೆದರೆ ಹೊಂದುವುದಿಲ್ಲ.

ಕೆಲಸ ಇಷ್ಟೇ. ಯಾರೋ ಹೊಲ ಕೊಂಡು, ಅದನ್ನು ಸೈಟುಗಳಾಗಿ ಕತ್ತರಿಸಿ ನಕ್ಷೆ ಬರೆಸಿ ತರುತ್ತಾರೆ. ರಸ್ತೆ ಎಷ್ಟು ಅಗಲ, ಪಾರ್ಕಿಗೆ ಎಷ್ಟು ಬಿಟ್ಟಿದ್ದಾರೆ, ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ನಾವು ನೋಡಬೇಕು. ಅಕ್ಕಪಕ್ಕದವರ ಆಕ್ಷೇಪಣೆ ಕರೆಯಬೇಕು, ಅವರನ್ನು ಕೂರಿಸಿ ಕೇಳಬೇಕು, ಸ್ಥಳಕ್ಕೆ ಹೋಗಿ ಬರಬೇಕು, ಆಮೇಲೆ ಮಂಜೂರು ಮಾಡಬೇಕು. ಇವುಗಳಲ್ಲಿ ತಪ್ಪದೆ ನಡೆಯುತ್ತಿದ್ದದ್ದು ಕೊನೆಯದೊಂದೇ.

ನಾನು ಸೇರಿದಾಗ ಇದ್ದ ಹಿರಿಯ ಸಾಹೇಬರು ಸ್ಥಳ ಪರಿಶೀಲನೆಯನ್ನು ಜೀಪಿನಿಂದ ಇಳಿಯದೆ ಮಾಡುತ್ತಿದ್ದರು. ಜೀಪು ನಿಂತ ಕೂಡಲೇ ಕನ್ನಡಕ ಸರಿಮಾಡಿಕೊಂಡು ಕೇಳುತ್ತಿದ್ದ ಪ್ರಶ್ನೆ ಒಂದೇ: "ಬಂಡೆ ಎಲ್ಲಯ್ಯ?" ನಾವು ತೋರಿಸುತ್ತಿದ್ದೆವು. "ಪಾರ್ಕು ಅಲ್ಲೇ ತಾನೆ? ಹಂಗಾದ್ರೆ ಎಲ್ಲಾ ಸರಿಯಾಗಿದೆ, ನಡಿ." ಅಷ್ಟರಲ್ಲಿ ಎಳನೀರು ಬಂದಿರುತ್ತಿತ್ತು. ಕನಕಪುರದ ಕಡೆ ಒಮ್ಮೆ, ಕಲ್ಲು ತೆಗೆದು ಬಿಟ್ಟ ಕ್ವಾರಿ ಗುಂಡಿಯನ್ನೇ ಪಾರ್ಕೆಂದು ತೋರಿಸಿದ್ದರು. ನಾನು ಹೊಸಬ, ರೋಷವಿತ್ತು; ಮಕ್ಕಳು ಬೀಳುತ್ತಾರೆ ಸಾರ್ ಎಂದೆ. ಸಾಹೇಬರು ನಕ್ಷೆಯನ್ನು ಆಚೀಚೆ ತಿರುಗಿಸಿ ನೋಡಿದರು. "ಪಾರ್ಕು ಮತ್ತು ಈಜುಕೊಳ ಅಂತ ಬರೆಯಕ್ಕೆ ಹೇಳು" ಎಂದರು. ಬರೆದರು.

ತಪ್ಪುಗಳೆಲ್ಲ ಸಾಹೇಬರವೇ ಎಂದಲ್ಲ. ಮಾಗಡಿ ತಾಲ್ಲೂಕಿನ ಕಲ್ಯದ ಹತ್ತಿರದ ಒಂದು ಪ್ರಸ್ತಾವದಲ್ಲಿ, ಹಾಳೆಗೆ ಹಿಡಿಸಲಿಲ್ಲವೆಂದು ನಕ್ಷೆ ಬರೆದವನು ಜಮೀನನ್ನು ಅಡ್ಡಕ್ಕೆ ತಿರುಗಿಸಿದ್ದ. ಉತ್ತರ ದಿಕ್ಕಿನ ಬಾಣ ಎಡಗಡೆಗೆ ಮುಖ ಮಾಡಿತ್ತು. ಅದನ್ನು ನೋಡದೆ ನಾವು ದಾರಿಯ ಆಚೆಗಿದ್ದ ಬೇರೆ ಯಾರದೋ ರಾಗಿ ಹೊಲವನ್ನು ಟೇಪು ಹಿಡಿದು ಮೂಲೆಮೂಲೆ ಅಳೆದೆವು. ಹೊಲದ ಯಜಮಾನ ಮಜ್ಜಿಗೆ ತರಿಸಿಕೊಟ್ಟು, ಬದುವಿನ ಮೇಲೆ ಕೂತು ನೋಡುತ್ತಿದ್ದ. ಎಲ್ಲ ಮುಗಿದ ಮೇಲೆ ಕೇಳಿದ: "ಏನ್ಸಾ, ನನ್ ಹೊಲ ಸರ್ಯಾಗೈತಾ?"

ಮೊದಲೇ ಹೇಳಬಾರದಿತ್ತೇ ಎಂದೆವು.

"ಹೇಳಮ ಅನ್ಕಂಡೆ. ಪುಗಸಟ್ಟೆ ಅಳತೆ ಮಾಡ್ತಾವ್ರೆ, ಮಾಡ್ಕಳ್ಳಿ ಅಂತ ಸುಮ್ಕಾದೆ."

ಈ ಪ್ರಸಂಗವನ್ನು ಹಿರಿಯ ಸಾಹೇಬರ ತಲೆಗೆ ಕಟ್ಟಿ ನಾನು ವರ್ಷಗಟ್ಟಲೆ ಹೇಳಿದ್ದೇನೆ. ಈಚೆಗೆ ಚನ್ನಪಟ್ಟಣದ ಬಸ್ ಸ್ಟಾಂಡಿನಲ್ಲಿ ನಮ್ಮ ಹಳೆಯ ಸರ್ವೇಯರ್ ಸಿಕ್ಕಿದಾಗ ಮತ್ತೆ ಅದೇ ಮಾತು ಬಂತು. ಅವನು ನಗುತ್ತಾ, "ಸಾಹೇಬ್ರು ಅವತ್ತು ರಜ ಸಾರ್. ಬಾಣ ನೋಡ್ದೇ ಇದ್ದೋರು ನೀವು" ಎಂದ. ಇರಬಹುದು. ಮಜ್ಜಿಗೆಯ ಹುಳಿ ಮಾತ್ರ ನನ್ನ ನಾಲಿಗೆಯ ಮೇಲೆ ಈಗಲೂ ಇದೆ; ಅಳತೆಗೆ ನಿಂತವನು ನಾನೇ ಎಂದು ಅದರಿಂದಲೇ ಹೊಳೆಯಬೇಕಾಗಿತ್ತು.

ವಿಧಾನಗಳು ಬದಲಾದವು. ನಾವು ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆದ ನಕ್ಷೆಗಳನ್ನು ನೋಡುತ್ತಿದ್ದೆವು. ಅದರಲ್ಲಿ ಹಳ್ಳವೊಂದನ್ನು ಅಳಿಸಬೇಕಾದರೆ ಬ್ಲೇಡಿನಿಂದ ಹೆರೆಯಬೇಕು, ಎಷ್ಟು ನಯವಾಗಿ ಹೆರೆದರೂ ಬೆಳಕಿಗೆ ಹಿಡಿದಾಗ ಗಾಯ ಕಾಣುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಒಂದು ಗುಂಡಿ ಒತ್ತಿದರೆ ಹಳ್ಳ ಮಾಯ, ಗಾಯವೂ ಇಲ್ಲ. ಆಮೇಲೆ ಡ್ರೋನ್ ಬಂತು. ಜೀಪಿನಲ್ಲಿ ಕೂತು ನೋಡುತ್ತಿದ್ದವರು ಕುರ್ಚಿಯಲ್ಲೇ ಕೂತು ನೋಡುವಂತಾಯಿತು. ಎಳನೀರಿಗೆ ಮಾತ್ರ ಇನ್ನೂ ಆನ್‌ಲೈನ್ ವ್ಯವಸ್ಥೆ ಆಗಿಲ್ಲ.

ಬದಲಾಗದೆ ಉಳಿದ ಪದ್ಧತಿಯೊಂದಿದೆ, ಹೊಸಬರು ಅದನ್ನು ಗಮನಿಸಬೇಕು. ಆಕ್ಷೇಪಣೆ ಅರ್ಜಿ ಬಂದಾಗ ಅದರ ಸಾರವನ್ನು ಒಂದೇ ಸಾಲಿನಲ್ಲಿ ಕಡತದ ಟಿಪ್ಪಣಿ ಹಾಳೆಗೆ ಇಳಿಸುತ್ತಾರೆ. ಅಲ್ಲಿಂದ ಮುಂದೆ ಅರ್ಜಿಯನ್ನು ಯಾರೂ ಓದುವುದಿಲ್ಲ. ಎಲ್ಲರೂ ಆ ಸಾಲನ್ನೇ ಓದುತ್ತಾರೆ, ಅದರ ಮೇಲೆ ತೀರ್ಮಾನ ಬರೆಯುತ್ತಾರೆ. ಅರ್ಜಿಯ ಮೊದಲ ಪುಟವೆಲ್ಲ ವಿಳಾಸ, ಸರ್ವೆ ನಂಬರು, ಮಾನ್ಯರೇ ಎನ್ನುವುದರಲ್ಲಿ ಮುಗಿದಿರುತ್ತದೆ. ಜನ ತಮಗೆ ಬೇಕಾದದ್ದನ್ನು ಎರಡನೇ ಪುಟದಲ್ಲಿ ಕೇಳುತ್ತಾರೆ. ಎರಡನೇ ಪುಟ ತಿರುವಲು ನಮಗೆ ಯಾವ ಸುತ್ತೋಲೆಯೂ ಹೇಳಿರಲಿಲ್ಲ.

ಇನ್ನು ನನ್ನ ಹೆಮ್ಮೆಯ ಪ್ರಕರಣ. ಕೈಲಾಂಚ ಹೋಬಳಿಯ ಒಂದು ದೊಡ್ಡಿಯ, ಅಂದರೆ ಸಣ್ಣ ಹಳ್ಳಿಯ, ಪಕ್ಕದಲ್ಲಿ ಬಡಾವಣೆಯ ಪ್ರಸ್ತಾವ ಬಂದಿತ್ತು. ಬಡಾವಣೆಯ ಹೆಸರಿನಲ್ಲೇ ರೇಷ್ಮೆ ಇತ್ತು; ಪೂರ್ತಿ ಹೆಸರು ಬರೆಯುವುದಿಲ್ಲ, ಮಾಲೀಕರು ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಅದರ ಬೇಲಿಗೆ ಅಂಟಿಕೊಂಡು ನಿಜವಾದ ರೇಷ್ಮೆಯೂ ಇತ್ತು: ಪುಟ್ಟಲಿಂಗಮ್ಮ ಎಂಬಾಕೆಯ ಹಿಪ್ಪುನೇರಳೆ ತೋಟ, ತೋಟದ ಮೂಲೆಯಲ್ಲಿ ಹುಳು ಸಾಕುವ ಮನೆ. ಗಂಡ ರಾಗಿ ಹೊಲ, ಹಸು ನೋಡಿಕೊಳ್ಳುತ್ತಿದ್ದ. ಸೊಪ್ಪು, ಹುಳು ಎರಡೂ ಆಕೆಯ ಆಡಳಿತ. ಹುಳುವಿಗೆ ಸೂಕ್ಷ್ಮ ಹೊಟ್ಟೆ. ಎಲ್ಲೋ ಹೊಡೆದ ಕೀಟನಾಶಕ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೂ ಸಾಕು, ಆ ಸೊಪ್ಪು ತಿಂದ ಹುಳುಗಳೆಲ್ಲ ಸಾಯುತ್ತವೆ. ಆಕೆಯ ಆಕ್ಷೇಪಣೆ ಕಡತದಲ್ಲಿ ಒಂದು ಸಾಲಾಗಿ ಹೀಗಿತ್ತು: "ರೇಷ್ಮೆ ಹುಳುಗಳಿಗೆ ರಕ್ಷಣೆ ಕೋರಿದ್ದಾರೆ."

ವಿಚಾರಣೆಯ ದಿನ ಎಲ್ಲರೂ ನಕ್ಕರು. ಹುಳುವಿಗೂ ಪ್ರಾತಿನಿಧ್ಯ ಕೊಡಬೇಕೇನೋ ಎಂದು ಬಡಾವಣೆಯವರ ಇಂಜಿನಿಯರ್ ಹೇಳಿದ. ನಾನು ನಗಲಿಲ್ಲ. ಪೆನ್ಸಿಲ್ ತೆಗೆದುಕೊಂಡು, ಆ ತುದಿಯ ಬಂಡೆಯ ಮೇಲಿದ್ದ ಪಾರ್ಕನ್ನು ಎತ್ತಿ ಈ ತುದಿಗೆ, ಪುಟ್ಟಲಿಂಗಮ್ಮನ ಬೇಲಿಯ ಪಕ್ಕಕ್ಕೆ ತಂದಿಟ್ಟೆ. ತೋಟಕ್ಕೂ ಮನೆಗಳಿಗೂ ನಡುವೆ ಹಸಿರು ಪಟ್ಟಿ. ಬಡಾವಣೆಯವರಿಗೆ ಬಂಡೆ ಒಡೆಯುವ ಶಿಕ್ಷೆ, ಹುಳುವಿಗೆ ರಕ್ಷೆ. ಪುಟ್ಟಲಿಂಗಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಕೈಮುಗಿದು, ನೀವು ದೇವರು ಸ್ವಾಮಿ ಎಂದಳು. ನಾಲ್ಕು ತಾಲ್ಲೂಕಿನಲ್ಲಿ ಬಂಡೆಯ ಮೇಲಿಲ್ಲದ ಏಕೈಕ ಪಾರ್ಕು ನನ್ನದು ಎಂದು ನಾನು ಹೇಳಿಕೊಂಡು ತಿರುಗಿದೆ.

ನಿವೃತ್ತಿಯಾದ ಮೇಲೆ ಹೊಸ ಯೋಜಕರ ತರಬೇತಿಗೆ ಉಪನ್ಯಾಸಕ್ಕೆ ಕರೆದಾಗಲೂ ಇದನ್ನೇ ಹೇಳಿದೆ, ಬೋರ್ಡಿನ ಮೇಲೆ ಚಿತ್ರ ಬರೆದು. ಚಪ್ಪಾಳೆ ಬಿತ್ತು. ಕೊನೆಯ ಸಾಲಿನಲ್ಲಿದ್ದ ಒಬ್ಬಳು ಕೈ ಎತ್ತಿದಳು.

"ಸರ್, ಈಗ ಆ ತೋಟ ಹೇಗಿದೆ?"

ನನಗೆ ಗೊತ್ತಿರಲಿಲ್ಲ. ಮಂಜೂರಾತಿಗೆ ಸಹಿ ಹಾಕಿದ ಮೇಲೆ ನಾನು ಆ ಕಡೆ ತಲೆ ಹಾಕಿರಲಿಲ್ಲ. ಚೆನ್ನಾಗಿದೆ ಎಂದು ಉತ್ತರಿಸಿದೆ. ಎರಡು ದಿನ ಆ ಉತ್ತರ ಊಟಕ್ಕೆ ಕೂತಾಗಲೆಲ್ಲ ಎದುರಿಗೆ ಬಂತು. ಮೂರನೇ ದಿನ ಕೈಲಾಂಚದ ಬಸ್ಸು ಹತ್ತಿದೆ.

ಪಾರ್ಕು ಸೊಗಸಾಗಿತ್ತು. ಹುಲ್ಲುಹಾಸು, ಗುಲಾಬಿ, ಸಾಲಾಗಿ ಕ್ರೋಟನ್. ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಮಾಲಿಯೊಬ್ಬ ಗುಲಾಬಿಗೆ ಔಷಧಿ ಹೊಡೆಯುತ್ತಿದ್ದ. ಬೇಲಿಯಾಚೆ ಹಿಪ್ಪುನೇರಳೆ ಆಳೆತ್ತರ ಬೆಳೆದು ಕಾಡಾಗಿತ್ತು. ಹುಳು ಸಾಕುವ ಮನೆಯ ಕಿಟಕಿಯಲ್ಲಿ ಇಣುಕಿದೆ. ಒಳಗೆ ಒಂದರ ಮೇಲೊಂದು ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಬಡಾವಣೆಯ ನಿವಾಸಿಗಳು ಹುಟ್ಟುಹಬ್ಬಗಳಿಗೆ ಬಳಸುವ ಕುರ್ಚಿಗಳನ್ನು ಇಡಲು ಅದನ್ನು ಬಾಡಿಗೆಗೆ ಹಿಡಿದಿದ್ದರು.

ಪುಟ್ಟಲಿಂಗಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಗುರುತು ಹೇಳಿಕೊಳ್ಳಲು ಬಾಯಿ ತೆರೆದೆ.

"ಗೊತ್ತು ಬುಡಿ. ಪಾರ್ಕ್ ಸಾಯೇಬ್ರು" ಎಂದಳು. "ನೋಡ್ಕಂಡ್ ಹೋಗಕ್ ಬಂದ್ರಾ ನಿಮ್ ಪಾರ್ಕ?"

ಹುಳು ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ನಾನೆಲ್ಲಿ ಬುಟ್ಟೆ? ಅವೇ ಬುಟ್ಟೋದೊ. ನಾಕ್ನೇ ಜ್ವರ ಎದ್ದಿದ್ದೊ ಸಾ, ಇನ್ನೊಂದ್ ವಾರಕ್ಕೆ ಗೂಡು. ಸೊಪ್ ಹಾಕ್ದೆ. ಬೆಳಗಾನೆ ನೋಡಿದ್ರೆ ತಲೆ ಎತ್ಕಂಡು ಹಸ್ರು ಉಗುಳ್ತಾವೆ. ಮೂರ್ ಬೆಳೆ ಹಂಗೇ ಹೋಯ್ತು. ವಾರಕ್ಕೆರಡ್ ದಪ ಔಸ್ದಿ ಹೊಡೀತಾನೆ ಆ ಮಾಲಿ. ಅವನ್ನೇನ್ ಅಂದೀರಿ, ಪಾರ್ಕ್ ಅಂದ್ಮೇಲೆ ಹೂವ ಬ್ಯಾಡ್ವ?"

ಹುಳುಗಳು ನಾಲ್ಕು ಸಲ ಪೊರೆ ಬಿಡುವುದನ್ನು ಇಲ್ಲಿಯವರು ಜ್ವರ ಎನ್ನುತ್ತಾರೆ. ನಾಲ್ಕನೆಯದು ದಾಟಿತೆಂದರೆ ಬೆಳೆ ಕೈಗೆ ಬಂದ ಹಾಗೆ. ಬಂದ ಬೆಳೆ ನನ್ನ ಹಸಿರು ಪಟ್ಟಿಯಿಂದ ಹೋಗಿತ್ತು. ಮನೆಗಳಿದ್ದಿದ್ದರೆ ಅಲ್ಲೊಂದು ಇಲ್ಲೊಂದು ಹೂವಿನ ಕುಂಡ ಇರುತ್ತಿತ್ತು. ನಾನು ಬಡಾವಣೆಯ ಅಷ್ಟೂ ಗುಲಾಬಿಯನ್ನು ಒಟ್ಟುಮಾಡಿ ಆಕೆಯ ಬೇಲಿಗೆ ತಂದು ಅಂಟಿಸಿದ್ದೆ.

"ಆವತ್ತು ಕೈಮುಗಿದಿರಲ್ಲ?" ಎಂದೆ. ಅದೊಂದನ್ನಾದರೂ ಉಳಿಸಿಕೊಳ್ಳುವ ಆಸೆ.

"ಮುಗ್ದೆ. ಆಪೀಸಿಂದ ಹೊರೀಕ್ ಬರ್ಬೇಕಾರೆ ಎಲ್ಲಾರ್ಗೂ ಮುಗೀತೀವಿ. ಬಸ್ಸಲ್ಲಿ ಕಂಡಕ್ಟ್ರಿಗೂ ಮುಗ್ದೆ ಅವತ್ತು, ಚಿಲ್ರೆ ಇರ್ಲಿಲ್ಲ."

"ದೇವರು ಅಂದಿರಿ."

"ಅಯ್ಯೋ ದೇವ್ರೆ ಅಂದೆ. ನಾನು ರಸ್ತೆ ಕೇಳಕ್ ಬಂದಿದ್ದೆ ಸಾ. ಅರ್ಜೀಲಿ ಬರ್ಸಿದ್ದೆ. ಬಾಯಲ್ಲೂ ಹೇಳಮ ಅಂದ್ರೆ ನೀವು ಪೆನ್ಸಿಲ್ ಎತ್ಕಂಡ್ಬುಟ್ರಿ. ಓದ್ದೋರು ಬರೀತಾವ್ರೆ, ಮಧ್ಯ ಬಾಯಿ ಹಾಕಬಾರ್ದು ಅಂತ ಸುಮ್ಕಾದೆ."

ಪೂರ್ವದ ಕಡೆಗೆ ಉಳಿದಿದ್ದ ಅರ್ಧ ತೋಟವನ್ನು ತೋರಿಸಿದಳು. ಅಲ್ಲಿಗೆ ಮಾಲಿಯ ಔಷಧಿ ಮುಟ್ಟುತ್ತಿರಲಿಲ್ಲ. ತಗಡಿನ ಸಣ್ಣ ಶೆಡ್ಡು ಹಾಕಿಕೊಂಡು ಮೊದಲಿನ ಅರ್ಧದಷ್ಟು ಹುಳು ಸಾಕುತ್ತಿದ್ದಳು. ಆ ಕಡೆಯ ಹೊಲವನ್ನೂ ಅದೇ ಮಾಲೀಕರು ಕೊಂಡಿದ್ದರು. ಬಡಾವಣೆಯ ಎರಡನೇ ಹಂತ. ಆಕ್ಷೇಪಣೆಗೆ ನೋಟೀಸು ಅಂಟಿಸಿಯಾಗಿತ್ತು.

"ಇದೂ ಹೋದ್ರೆ ಹುಳ ಮುಗೀತು" ಎಂದಳು. ಹಸುವಿನ ಸೆಗಣಿ ಎತ್ತುವವಳ ಹಾಗೆ, ಮಾಮೂಲಿ ದನಿಯಲ್ಲಿ.

ರಸ್ತೆ ಕೇಳಿದ್ದೆ ಎಂಬ ಮಾತನ್ನು ನಾನು ನಂಬಲಿಲ್ಲ. ಹಳ್ಳಿಯವರು ಆಮೇಲೆ ಹೊಳೆದದ್ದನ್ನು ಮೊದಲೇ ಹೇಳಿದ್ದೆ ಎನ್ನುವುದುಂಟು. ವಿಶ್ವವಿದ್ಯಾಲಯದಲ್ಲಿ ಓದಿದವರು ಹಾಗೆ ಮಾಡುವುದಿಲ್ಲ ಎಂದು ನನ್ನ ನಂಬಿಕೆ. ನಾನೇ ಸಹಿ ಹಾಕಿದ ಕಡತವನ್ನು ನೋಡಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕಡತ ಲಭ್ಯವಿಲ್ಲ ಎಂದು ಉತ್ತರ ಬಂತು. ಆ ಉತ್ತರದ ವಾಕ್ಯ ನಾನೇ ಕಚೇರಿಗೆ ಕಲಿಸಿಕೊಟ್ಟದ್ದು. ನೇರವಾಗಿ ಹೋದೆ. ರೆಕಾರ್ಡ್ ರೂಮಿನವನು, "ಸಾರ್ ನೀವಾ? ಹೊರಗಿನವರು ಯಾರೋ ಅನ್ಕೊಂಡ್ವಿ" ಎಂದು ಟೀ ಕೊಡಿಸಿ ಕಡತ ತಂದಿಟ್ಟ.

ಅರ್ಜಿಯ ಎರಡನೇ ಪುಟ ಇದ್ದಿತು. ಅವರೂರಿನ ಮೇಷ್ಟರ ದುಂಡು ಅಕ್ಷರ. "ಮನೆ ಕಟ್ಟಿದವರು ಗಿಡ ಹಾಕುತ್ತಾರೆ. ಗಿಡ ಇರುವ ಕಡೆಯೆಲ್ಲ ಔಷಧಿ ಹೊಡೆಯುತ್ತಾರೆ. ಆದ್ದರಿಂದ ನನ್ನ ಬೇಲಿಯ ಪಕ್ಕ ರಸ್ತೆ ಬಿಡಬೇಕಾಗಿ ಪ್ರಾರ್ಥನೆ. ರಸ್ತೆಗೆ ಯಾರೂ ಔಷಧಿ ಹೊಡೆಯುವುದಿಲ್ಲ."

ಅರ್ಜಿಯಲ್ಲಿ ಇದ್ದದ್ದು ಇಷ್ಟೇ. ಬೇಲಿಯ ಪಕ್ಕ ರಸ್ತೆ ಬಂದಿದ್ದರೆ ಮನೆಗಳೂ ಹೂವೂ ರಸ್ತೆಯ ಅಗಲದಷ್ಟು ದೂರ ಸರಿಯುತ್ತಿದ್ದವು. ಭೂಗೋಳದ ಎಂ.ಎ. ಬೇಡದ ವಿಚಾರ. ಆ ಒಂದು ಸಾಲಿನ ಸಾರವನ್ನು ಗುಮಾಸ್ತ ಕೆಡಿಸಿದ ಎಂದು ಇಲ್ಲಿ ಬರೆಯುವುದೆಂದಿದ್ದೆ, ಹಾಗೆಂದೇ ನೆನಪಿತ್ತು ಕೂಡ. ಟಿಪ್ಪಣಿ ಹಾಳೆ ತೆಗೆದು ನೋಡಿದೆ. ಅಕ್ಷರ ನನ್ನದು.

ಎರಡನೇ ಹಂತದ ವಿಚಾರಣೆಗೆ ಪುಟ್ಟಲಿಂಗಮ್ಮನ ಜೊತೆ ನಾನೂ ಹೋದೆ. ಮೊದಲ ಸಲ ಆ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತೆ. ಅದರ ಒಂದು ಕಾಲು ಗಿಡ್ಡ ಎಂದು ಗೊತ್ತಾಯಿತು. ಒಳಗೆ ನನ್ನ ಕುರ್ಚಿಯಲ್ಲಿದ್ದವನು ಚೇತನ್ ಎಂಬ ಯುವಕ. ನನ್ನನ್ನು ಕಂಡು ಎದ್ದು ನಿಂತ. ಉಪನ್ಯಾಸಕ್ಕೆ ಬಂದಿದ್ದವನಂತೆ. ಮುಖವೆಲ್ಲ ಬೆಳಗಿಸಿಕೊಂಡು ನಕ್ಷೆ ಹರಡಿದ.

"ಸರ್, ನಿಮ್ಮ ಮಾದರೀನೇ ಅಳವಡಿಸಿದೀನಿ. ಬಂಡೆ ಮೇಲಿದ್ದ ಪಾರ್ಕನ್ನ ಪೂರ್ತಿ ಇವರ ಬೇಲಿ ಪಕ್ಕಕ್ಕೆ ತಂದಿದೀನಿ. ಹೋದ ಸಲಕ್ಕಿಂತ ದೊಡ್ಡದು."

ಪುಟ್ಟಲಿಂಗಮ್ಮ ನನ್ನ ಕಡೆ ತಿರುಗಿ ನೋಡಿದಳು. "ಪಾಠ ಬೇರೆ ಮಾಡಿದ್ರಾ?" ಎಂದಳು.

ನಾನು ಗಂಟಲು ಸರಿಮಾಡಿಕೊಂಡು, ಭೂಬಳಕೆ, ಪರಸ್ಪರ ಪರಿಣಾಮ ಎಂದೇನೋ ಶುರುಮಾಡಿದೆ.

"ನೀವೊಸಿ ಸುಮ್ಕಿರಿ ಸಾ. ಹೋದ್ಸಲ ನೀವೇ ಮಾತಾಡಿದ್ದು" ಎಂದು ಆಕೆ ಮುಂದೆ ಬಂದಳು. ಎರಡು ಅಂಗೈಗಳನ್ನು ಮೇಜಿನ ಮೇಲೂರಿ, ನಕ್ಷೆಯ ಮೇಲೆ ಬಾಗಿದಳು. "ಇದು ನನ್ ಬೇಲಿ ತಾನೆ? ಇಲ್ಲಿ ಪಾರ್ಕು ಬ್ಯಾಡ, ರಸ್ತೆ ಬುಡಿ. ರಸ್ತೆಗೆ ಯಾರೂ ಔಸ್ದಿ ಹೊಡೆಯಲ್ಲ."

ಬಡಾವಣೆಯವರ ಇಂಜಿನಿಯರ್ ಅದೇ ಹಳೆಯ ಇಂಜಿನಿಯರ್. ಹೊಟ್ಟೆ ಮಾತ್ರ ಎರಡನೇ ಹಂತಕ್ಕೆ ಬಂದಿತ್ತು. "ಅಂಚಲ್ಲಿ ರಸ್ತೆ ಮಾಡಿದ್ರೆ ಒಂದೇ ಕಡೆ ಸೈಟ್ ಬರುತ್ತೆ ಸಾರ್, ಇನ್ನೊಂದು ಕಡೆ ದಂಡ. ನಿಮ್ಮ ಸರ್ ಮಾಡಿಕೊಟ್ಟಿದ್ದೇ ಎಷ್ಟು ಚೆನ್ನಾಗಿತ್ತು" ಎಂದ. ಅವನ ಹೊಗಳಿಕೆಯಷ್ಟು ಚುರುಕಾಗಿ ನನಗೆ ಯಾವ ಬೈಗುಳವೂ ನಾಟಿರಲಿಲ್ಲ.

ಚೇತನ್ ಪೆನ್ಸಿಲ್ ಹಿಡಿದುಕೊಂಡೇ ಯೋಚಿಸಿದ. ಒಳ್ಳೆಯ ಹುಡುಗ, ಹೆದರಿದ್ದ. "ಸರ್, ಮೊದಲ ಹಂತದಲ್ಲಿ ಇದೇ ಮಾದರಿ ಮಂಜೂರಾಗಿದೆ. ಈಗ ಬದಲಾಯಿಸಿದರೆ ಕಾರಣ ತೋರಿಸಬೇಕು. ಆಗ ಮಾಡಿದ್ದು ತಪ್ಪು ಅಂತ ನೀವು ಬರ್ಕೊಟ್ರೆ ನಾನು ರಸ್ತೆ ಹಾಕ್ತೀನಿ."

ಇಡೀ ಸೇವೆಯಲ್ಲಿ ನಾನು ಹಾಗೆ ಬರೆದುಕೊಟ್ಟವನಲ್ಲ. ಬಿಳಿ ಹಾಳೆ ಕೊಟ್ಟರು. ಕೈ ತಾನಾಗಿ ಓಡಿತು: "ಅಂದಿನ ಸಂದರ್ಭದಲ್ಲಿ ಲಭ್ಯವಿದ್ದ ಮಾಹಿತಿಯ ಆಧಾರದ ಮೇಲೆ ಕೈಗೊಳ್ಳಲಾದ ಕ್ರಮವು ನಿರೀಕ್ಷಿತ ಫಲ ನೀಡಿಲ್ಲವೆಂದು ಕಂಡುಬಂದಿದೆ." ಓದಿಕೊಂಡೆ. ಎಲ್ಲ ಸರಿಯಾಗಿತ್ತು.

ಪುಟ್ಟಲಿಂಗಮ್ಮ ಹಾಳೆಯನ್ನು ಎಳೆದುಕೊಂಡು ಬೆರಳಿಟ್ಟು ನಿಧಾನವಾಗಿ ಓದಿದಳು. ಎರಡು ಸಲ ಓದಿದಳು.

"ಮಾಡಿದ್ದು ಯಾರು ಅಂತ ಎಲ್ಲೈತೆ ಇದ್ರಲ್ಲಿ?"

ಇಂಜಿನಿಯರ್ ಕೆಮ್ಮಿದ. ಚೇತನ್ ಫ್ಯಾನಿನ ಕಡೆ ನೋಡಿದ. ನಾನು ಆ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದೆ: "ಅರ್ಜಿದಾರರು ರಸ್ತೆ ಕೇಳಿದ್ದರು. ನಾನು ಎರಡನೇ ಪುಟ ಓದದೆ ಪಾರ್ಕು ಹಾಕಿದೆ. ಅದರ ಔಷಧಿಗೆ ಅವರ ಮೂರು ಬೆಳೆ ಸತ್ತಿವೆ. ತಪ್ಪು ನನ್ನದು." ಸಹಿ ಹಾಕಿ, ಹೆಸರು ಬರೆದು, ಹಳೆಯ ಅಭ್ಯಾಸದಿಂದ ಹುದ್ದೆಯನ್ನೂ ಬರೆದು, ಅದನ್ನು ಹೊಡೆದುಹಾಕಿದೆ.

ರಸ್ತೆ ಬಂತು. ಪಾರ್ಕು ಬಂಡೆಯ ಮೇಲಕ್ಕೆ ವಾಪಸು ಹೋಯಿತು. ನಾನು ಜೀವನವಿಡೀ ಆಡಿಕೊಂಡ ಆ ಬಂಡೆಯ ಮೇಲೆ ಗುಲಾಬಿ ಬೆಳೆಯುವುದಿಲ್ಲ, ಯಾರೂ ಡಬ್ಬಿ ಹೊತ್ತು ಹತ್ತುವುದಿಲ್ಲ.

ಡಾಂಬರು ಹಾಕಿದ ಮೇಲೆ ಒಮ್ಮೆ ಹೋಗಿ ನೋಡಿದೆ. ಪುಟ್ಟಲಿಂಗಮ್ಮ ಸೊಪ್ಪು ಕೊಯ್ಯುತ್ತಿದ್ದಳು. ತಗಡಿನ ಶೆಡ್ಡಿನಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಇನ್ನಾದರೂ ರಸ್ತೆ ಸಾಹೇಬರು ಎಂದು ಕರೆಯುತ್ತೀರಾ ಎಂದು ತಮಾಷೆಗೆ ಕೇಳಿದೆ.

ಆಕೆ ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ನಾಕ್ ಬೆಳೆ ಆಗ್ಲಿ, ನೋಡಮ" ಎಂದಳು.

ಇದನ್ನು ಬರೆಯುವ ಹೊತ್ತಿಗೆ ಎರಡು ಬೆಳೆ ಆಗಿವೆ.